ಬೆಟ್ಟಮ್ಮನ ಕಂಟಿನ್ಯೂಟಿ

ರಾಮನಾಥಪುರದ ಬೆಟ್ಟಮ್ಮ ಹೊಗೆಸೊಪ್ಪು ವಿಂಗಡಿಸುವುದರಲ್ಲಿ ಎತ್ತಿದ ಕೈ. ಹದ ಮಾಡಿದ ಎಲೆಗಳ ರಾಶಿ ಮುಂದೆ ಕೂತರೆ ಬರೀ ಹಳದಿಯಲ್ಲೇ ಆರು ಬಗೆ ತೆಗೆದಿಡುತ್ತಿದ್ದಳು. ಒಮ್ಮೆ ಕಂಡ ಬಣ್ಣ ಅವಳ ಕಣ್ಣಿನಿಂದ ಅಳಿಯುತ್ತಿರಲಿಲ್ಲ.

೧೯೬೪ರ ಬೇಸಿಗೆಯಲ್ಲಿ ಸೊಪ್ಪಿನ ಕೆಲಸ ಮುಗಿದಿತ್ತು. ಆಗ ಮದರಾಸಿನಿಂದ ಸಿನಿಮಾದವರು ಕಾವೇರಿ ದಡಕ್ಕೆ ಶೂಟಿಂಗಿಗೆ ಬಂದರು. ಮೆಟ್ಟಿಲ ಮೇಲೆ ಬಟ್ಟೆ ಒಗೆಯಲು ಊರಿನ ಹತ್ತು ಹೆಂಗಸರನ್ನು 'ಎಕ್ಸ್‌ಟ್ರಾ' ಎಂದು ಸೇರಿಸಿಕೊಂಡರು. ಬೆಟ್ಟಮ್ಮನೂ ಹೋದಳು. ಸಂಜೆಯೊಳಗೆ ಅವರ ಮಾತು ಅವಳಿಗೆ ರೂಢಿಯಾಯಿತು. 'ಆ್ಯಕ್ಷನ್' ಅಂದರೆ ಬಟ್ಟೆ ಕುಕ್ಕಬೇಕು, 'ಕಟ್' ಅಂದರೆ ನಿಲ್ಲಿಸಬೇಕು. ಇಡೀ ಮೆಟ್ಟಿಲು ಕಾಣುವಂತೆ ದೂರದಿಂದ ತೆಗೆದರೆ ಅದು ಲಾಂಗ್ ಶಾಟ್.

ಆವತ್ತು ನಾಯಕಿ ಹಿತ್ತಾಳೆ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವುದನ್ನು ಲಾಂಗ್ ಶಾಟಿನಲ್ಲಿ ತೆಗೆದಿದ್ದರು. ಮರುದಿನ ಅದೇ ನಡಿಗೆಯನ್ನು ಹತ್ತಿರದಿಂದ ತೆಗೆಯಬೇಕಿತ್ತು. ಕ್ಯಾಮೆರಾ ಓಡುವ ಮೊದಲೇ ಬೆಟ್ಟಮ್ಮ ಎದ್ದು ನಿಂತಳು.

"ಸಾ, ನೆನ್ನೆ ಬಿಂದ್ಗೆ ಎಡಗಡೆ ಸೊಂಟದಾಗಿತ್ತು. ಇವತ್ತು ಬಲಗಡೆ ಮಡೀಕಂಡವ್ರೆ."

ಎಕ್ಸ್‌ಟ್ರಾ ಒಬ್ಬಳು ನಡುವೆ ಬಾಯಿ ಹಾಕಿದ್ದು ನಿರ್ದೇಶಕ ಪರಮಶಿವಯ್ಯನವರಿಗೆ ಹಿಡಿಸಲಿಲ್ಲ. ನಿನ್ನೆಯೂ ಬಲಗಡೆಯೇ ಇತ್ತೆಂದು ನಾಯಕಿ ಹೇಳಿದಳು. ಸಹಾಯಕ ದೇವರಾಜು ನೋಟ್‌ಬುಕ್ ತಿರುವಿ ಹಾಕಿದ. ಸೀರೆ, ಬಳೆ, ಹೂವು ಎಲ್ಲ ಬರೆದಿದ್ದ, ಬಿಂದಿಗೆಯ ಕಡೆ ಮಾತ್ರ ಬರೆದಿರಲಿಲ್ಲ. ತೆಗೆದ ಫಿಲ್ಮು ಆಗಲೇ ಮದರಾಸಿನ ದಾರಿ ಹಿಡಿದಿತ್ತು.

"ಕೂತ್ಕೊಳಮ್ಮ, ಹೊತ್ತಾಗ್ತಿದೆ," ಎಂದರು ಪರಮಶಿವಯ್ಯ.

ಬೆಟ್ಟಮ್ಮ ಕೂರಲಿಲ್ಲ. "ನೆನ್ನೆ ಬಿಂದ್ಗೆಗೆ ಉಣಸೇಹಣ್ಣು ಬೂದಿ ಆಕಿ ಉಜ್ಜಿದ್ದು ನಾನೇಯ. ಸರಿಯಾಗಿ ತೊಳೆಯಾಕೂ ಬುಡದೆ ಇಸ್ಕಂಡೋದ್ರಿ. ಈ ಸೀರೇನ ಒಗ್ದಿದ್ದೀರಾ ಸಾ?"

"ಇಲ್ಲ," ಎಂದ ದೇವರಾಜು. "ಸೀನ್ ಮುಗಿಯೋವರೆಗೂ ಒಗೆಯೋ ಹಾಗಿಲ್ಲ."

"ಅಂಗಾರೆ ಎಡಗಡೆ ನೋಡಿ."

ನಾಯಕಿಯೇ ಸೆರಗು ಸರಿಸಿ ನೋಡಿಕೊಂಡಳು. ತಿಳಿ ಹಳದಿ ಸೀರೆಯ ಎಡಸೊಂಟದಲ್ಲಿ, ಹತ್ತಿರ ಹೋದರೆ ಮಾತ್ರ ಕಾಣುವ ಬೂದುಬಣ್ಣದ ಕಲೆ ಬಿಂದಿಗೆಯ ಹೊಟ್ಟೆಯಷ್ಟೇ ಅಗಲಕ್ಕೆ ಒಣಗಿತ್ತು. ಬಲಗಡೆ ಏನೂ ಇರಲಿಲ್ಲ. ನಾಯಕಿ ನಕ್ಕು ಬಿಂದಿಗೆಯನ್ನು ಎಡಕ್ಕೆ ಬದಲಿಸಿದಳು.

ಪರಮಶಿವಯ್ಯ ಬೆಟ್ಟಮ್ಮನ ಕಡೆ ತಿರುಗಿ, "ಒಂದು ಶಾಟಿನಲ್ಲಿ ಇದ್ದದ್ದು ಇನ್ನೊಂದರಲ್ಲೂ ಹಾಗೇ ಇರಬೇಕು. ಅದಕ್ಕೆ ಕಂಟಿನ್ಯೂಟಿ ಅಂತಾರಮ್ಮ. ಇಲ್ಲಿ ಬಾ, ಕ್ಯಾಮೆರಾ ಪಕ್ಕದಲ್ಲಿ ಕೂತ್ಕೋ," ಎಂದರು.

ಉಳಿದ ಒಂಬತ್ತು ದಿನ ಬೆಟ್ಟಮ್ಮನಿಗೆ ಅಲ್ಲೊಂದು ಸ್ಟೂಲು. ಅವಳು ನೋಡಿ ಹೇಳುತ್ತಿದ್ದಳು, ದೇವರಾಜು ಬರೆದುಕೊಳ್ಳುತ್ತಿದ್ದ. ಹೊರಡುವ ದಿನ ಅವನು ಮದರಾಸಿಗೆ ಕರೆದ.

"ಸೊಪ್ಪಿನ ಕಾಲ್ದಾಗೆ ಬರಾಕಾಗಕಿಲ್ಲ ಕಣಪ್ಪ," ಎಂದಳು. "ಈ ಕಡೆ ಯಾರಾನ ಬಂದ್ರೆ ಯೋಳು, ನಾನಿವ್ನಿ."

ಅವನು ಹೇಳಿದ್ದನೆಂದು ತೋರುತ್ತದೆ. ಮೂರು ವರ್ಷದ ಮೇಲೆ ಹತ್ತಿರದ ಕೊಣನೂರಿಗೆ ಬಂದ ಇನ್ನೊಂದು ಕಂಪನಿಯ ಜೀಪು ಅವಳನ್ನು ಹುಡುಕಿಕೊಂಡು ಸೊಪ್ಪಿನ ಶೆಡ್ಡಿಗೇ ಬಂತು. ಬಂದವನು ಎಕ್ಸ್‌ಟ್ರಾಗಳ ಪಟ್ಟಿ ತೆರೆದ.

"ಅದ್ರಾಗೆ ಬರೀಬ್ಯಾಡಿ," ಎಂದಳು ಬೆಟ್ಟಮ್ಮ, ಕೈಯಲ್ಲಿದ್ದ ಎಲೆಯ ಕಟ್ಟು ಬಿಗಿಯುತ್ತ. "ಕಂಟಿನೂಟಿ ಅಂತ ಬರ್ಕಳಿ. ಇದೊಂದು ರಾಶಿ ಮುಗಿಸ್ಬುಟ್ಟು ಬತ್ತೀನಿ."

ಜೀಪು ಮಧ್ಯಾಹ್ನದವರೆಗೂ ಕಾದಿತು.