ಟೀಚರ್ ಆಂಟಿಯ ಹೊಳೆಯ ಊರು

ಕಳೆದ ವಾರ ಲಂಡನ್ನಿನ ವೆಂಬ್ಲಿಯ ಅಂಗಡಿಯಲ್ಲಿ ಹಿಟ್ಟಿನ ಚೀಲ ಎತ್ತುವಾಗ ಮೂಗಿಗೆ ಒಣ ಗೋಧಿಯ ವಾಸನೆ ಹೊಡೆಯಿತು. ಚೀಲದ ಮೇಲೆ 'ಕೆನಡಾದ ಗೋಧಿ' ಎಂದಿತ್ತು. ಟೀಚರ್ ಆಂಟಿ ನೆನಪಾದರು. ಆಗದಿದ್ದರೆ ಚೆನ್ನಾಗಿತ್ತು.

ನಾನು ಚಿಕ್ಕವಳಿದ್ದಾಗ ಅಲ್ಲೇ ಹತ್ತಿರದ ಕಿಂಗ್ಸ್‌ಬರಿಯ ಒಂದು ಬಾಡಿಗೆ ಹಾಲ್‌ನಲ್ಲಿ ಶನಿವಾರ ಬೆಳಿಗ್ಗೆ ಅವರು ನಮಗೆ ಕನ್ನಡ ಕಲಿಸುತ್ತಿದ್ದರು. ಧಾರವಾಡದ ಕಡೆಯವರು. ಮದುವೆಯಾಗಿ ಮೊದಲು ಹೋದದ್ದು ಕೆನಡಾದ ಬಯಲಿನ ಒಂದು ಸಣ್ಣ ಊರಿಗೆ, ಆರು ವರ್ಷದ ಮೇಲೆ ಲಂಡನ್ನಿಗೆ. ಪಾಠ ಯಾವುದೇ ಇರಲಿ, "ನಮ್ಮೂರಾಗ..." ಎಂದು ಆ ಊರು ನುಸುಳುತ್ತಿತ್ತು. ನಡುವೆ ಕಂದು ನೀರಿನ ಅಗಲವಾದ ಹೊಳೆ. ದಂಡೆಗೆ ಗೋಧಿ ತುಂಬುವ ಎತ್ತರದ ಕಣಜಗಳು. ಒಂದೇ ದೊಡ್ಡ ರಸ್ತೆ, ಅದು ಮುಗಿದರೆ ಬರೀ ಆಕಾಶ. ಏಪ್ರಿಲ್‌ನಲ್ಲಿ ಹೊಳೆಯ ಮಂಜುಗಡ್ಡೆ ಒಡೆಯುವ ಸದ್ದಿಗೆ ಊರಿಗೆ ಊರೇ ಸೇತುವೆಗೆ ಓಡುತ್ತಿತ್ತಂತೆ...

ವರ್ಷದ ಕೊನೆಗೆ ಅಪ್ಪ ಅಮ್ಮಂದಿರ ಎದುರು ನಾವೆಲ್ಲ 'ನಮ್ಮೂರು' ಎಂದು ಒಂದೊಂದು ಪುಟ ಓದಬೇಕಿತ್ತು. ಹುಬ್ಬಳ್ಳಿ, ಮೈಸೂರು... ಎರಡು ವಾರ ರಜೆಗೆ ಹೋಗಿ ಹೊಟ್ಟೆ ಕೆಡಿಸಿಕೊಂಡು ಬಂದ ಊರುಗಳು. ಆ ವರ್ಷ ಟೀಚರ್ ಆಂಟಿಯೇ ಮೊದಲು ಎದ್ದರು. "ಇಷ್ಟ ವರ್ಷ ನಿಮ್ಮದು ಕೇಳೀನಿ. ಇವತ್ತ ನಂದೂ ಕೇಳ್ರಿ." ಓದಿದ್ದು ಆ ಹೊಳೆಯ ಊರನ್ನು.

ನನಗೆ ಹದಿನಾರು. ಶಾಲೆಯ ಡಿಬೇಟ್ ತಂಡದಲ್ಲಿದ್ದೆ. ಎದುರಿನವರ ಮಾತಿನಲ್ಲಿ ಬಿರುಕು ಹುಡುಕುವುದನ್ನೇ ಬುದ್ಧಿ ಅಂದುಕೊಂಡಿದ್ದೆ.

"ಆಂಟಿ, ಅಲ್ಲಿದ್ದಿದ್ದು ಆರೇ ವರ್ಷ, ಇಲ್ಲಿ ಇಪ್ಪತ್ತು. ಹಾಗಾದ್ರೆ ನಿಮ್ಮೂರು ಕಿಂಗ್ಸ್‌ಬರಿ ಅಲ್ವಾ?"

ಎಲ್ಲರೂ ನಕ್ಕರು. "ಸಖತ್ತಾಗಿ ಕೇಳ್ದೆ ಪುಟ್ಟಿ!" ಎಂದು ಹಿಂದಿನಿಂದ ಬೆಂಗಳೂರಿನ ಅಂಕಲ್ ಒಬ್ಬರು ಹುರಿದುಂಬಿಸಿದರು.

ಟೀಚರ್ ಆಂಟಿ ಕಾಗದ ಮಡಚಿದರು. "ನನ್ನ ಕೂಸು ಅಲ್ಲೈತವಾ. ಹತ್ತು ದಿನದ್ದಿತ್ತು. ದೊಡ್ಡವರಾದ್ರ ಸುಟ್ಟು ಬೂದಿ ಹೊಳಿಗೆ ಬಿಡತೀವಿ. ಹಸಗೂಸನ್ನ ಮಣ್ಣಾಗ ಇಡತೀವಿ. ಇಟ್ಟದ್ದನ್ನ ಎತ್ಕೊಂಡು ಬರಾಕ ಆಗಂಗಿಲ್ಲಲ್ಲ."

ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಆದರೆ ಹಾಲ್ ಅವರ ಕಡೆ ತಿರುಗಿತ್ತು, ನಾನು ಸೋಲುತ್ತಿದ್ದೆ.

"ಅದು ಕನಿಕರ ಗಿಟ್ಟಿಸೋದು ಆಂಟಿ, ವಾದ ಅಲ್ಲ. ಡಿಬೇಟ್‌ನಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ."

ಯಾರೂ ನಗಲಿಲ್ಲ. ಗದರಲೂ ಇಲ್ಲ, ಅಮ್ಮ ಸಹ. "ಹೌದವಾ, ನೀನ ಗೆದ್ದಿ," ಎಂದು ಟೀಚರ್ ಆಂಟಿ ಕೂತರು. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದೂ... ಬೇರೊಬ್ಬರು ಬಂದು ಕಾಗುಣಿತ ತಿದ್ದಿಸಿದರು. ತರಗತಿ ಚೆನ್ನಾಗಿಯೇ ನಡೆಯಿತು.

ಹೋದ ಚಳಿಗಾಲ ಟೀಚರ್ ಆಂಟಿ ತೀರಿಕೊಂಡರಂತೆ. ಗಂಡ ಮೊದಲೇ ಹೋಗಿದ್ದರು, ಬೇರೆ ಮಕ್ಕಳಿಲ್ಲ. ಆ ಬಯಲಿನಲ್ಲಿ ಹಾಗೊಂದು ಕೂಸಿದೆ ಎಂದು ಗೊತ್ತಿರುವವರು ಈಗ ಅವತ್ತು ಹಾಲ್‌ನಲ್ಲಿದ್ದ ನಾವಷ್ಟೇ. ಹಿಟ್ಟು ತಂದ ದಿನ ಅಮ್ಮನಿಗೆ ಫೋನ್ ಮಾಡಿ ಆ ಊರಿನ ಹೆಸರು ಕೇಳಿದೆ. "ಏನೋ ಇತ್ತಪ್ಪ... ನಿಂಗೇ ಗೊತ್ತಿರ್ಬೇಕಲ್ಲ?" ಅಂದಳು.

ನನಗೆ ಗೊತ್ತಿಲ್ಲ. ಅವರು ಹೆಸರು ಹಿಡಿದು ಹೇಳಿದ್ದು ಅವತ್ತೊಂದೇ ದಿನ, ಆ ಕಾಗದದ ಮೊದಲ ಸಾಲಿನಲ್ಲೇ. ಆಗ ನಾನು ಪ್ರಶ್ನೆ ಹೊಂದಿಸುತ್ತಿದ್ದೆ.