ತುಳಸಿಗಿಟ್ಟ ದೀಪ

ನಮ್ಮ ಗರಾಜಿನ ಟ್ಯೂಬ್ ಲೈಟಿಗೆ ವಯಸ್ಸಾಗಿದೆ. ಸ್ವಿಚ್ ಹಾಕಿದರೆ ಮಿಣುಕಿ ಮಿಣುಕಿ, ಕೊನೆಗೆ ಗುಂಯ್ ಎನ್ನುತ್ತಾ ಹತ್ತಿಕೊಳ್ಳುತ್ತದೆ. ಇಲ್ಲಿ ಅಮೆರಿಕದಲ್ಲಿ ಚಳಿಗಾಲಕ್ಕೆಂದು ಗಡಿಯಾರ ಒಂದು ಗಂಟೆ ಹಿಂದಕ್ಕಿಡುತ್ತಾರೆ; ನವೆಂಬರಿನಲ್ಲಿ ಹಾಗಿಟ್ಟ ಮರುದಿನ ಬಟ್ಟೆ ಒಗೆಯಲು ಹೋದವಳು ಆ ಸದ್ದಿಗೆ ನಿಂತುಬಿಟ್ಟೆ. ಬಿಸಿಯಾದ ಧೂಳಿನ ವಾಸನೆಯೂ ಬಂತು... ವೈನಿಯ ಮನೆಯ ವಾಸನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಅಪಾರ್ಟ್‌ಮೆಂಟೊಂದರಲ್ಲಿ ನಾವು ಕೆಳಗೆ, ವೈನಿ ಮತ್ತು ಅವರ ಯಜಮಾನರು ಮೇಲೆ. ಧಾರವಾಡದವರು. ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರಂತೆ. ಮೈಸೂರಿನವಳಾದ ನಾನೂ ಹಾಗೇ ಕರೆಯುತ್ತಿದ್ದೆ. ಎತ್ತರದ ಹೆಂಗಸು, ಗಟ್ಟಿ ದನಿ, ಕೈ ತುಂಬ ಹಸಿರು ಬಳೆ. ಮಕ್ಕಳಿರಲಿಲ್ಲ. ಬೇಸಿಗೆಯಲ್ಲಿ ಅವರ ನಗು ಪಾರ್ಕಿಂಗ್ ಲಾಟಿನವರೆಗೆ ಕೇಳುತ್ತಿತ್ತು.

ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ; ಒಂದು ವರ್ಷ ಅದು ಬೇಗ ಹಿಡಿಯಿತು. ನಮ್ಮ ಮನೆಯ ಕಿಟಕಿಗಳೆಲ್ಲ ಉತ್ತರಕ್ಕೆ. ಮಧ್ಯಾಹ್ನವೂ ದೀಪ ಹಾಕಬೇಕು. ನನಗೆ ದುಃಖವೇನೂ ಆಗಲಿಲ್ಲ. ಅಳು ಬಂದಿದ್ದರೆ ಒಳ್ಳೆಯದಿತ್ತು, ಅದೂ ಬರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯುವುದನ್ನು ನೋಡುತ್ತಾ ನಿಂತಿರುತ್ತಿದ್ದೆ. ಆರಿಸಬೇಕೆಂದು ಗೊತ್ತು, ಕೈ ಏಳುತ್ತಿರಲಿಲ್ಲ. "ಮನೆ ನೆನಪಾಗ್ತಿರಬೇಕು, ಊರಿಗೊಂದು ಫೋನ್ ಮಾಡು," ಎಂದು ಹೇಳಿ ನನ್ನ ಗಂಡ ಆಫೀಸಿಗೆ ಹೋಗುತ್ತಿದ್ದರು. ಅವರ ತಪ್ಪಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಕಾಯಿಲೆ ಎಂದರೆ ಯಾರು ನಂಬುತ್ತಾರೆ? ತಿಂಗಳುಗಟ್ಟಲೆ ಹಿಮದಲ್ಲಿರುವ ಚಿಕಾಗೋದ ನೆಂಟರು ಕೇಳಿದರೆ ಬಿದ್ದು ಬಿದ್ದು ನಗುತ್ತಿದ್ದರು.

ಕಾರ್ತಿಕದಲ್ಲಿ ವೈನಿಯ ಮನೆಯಲ್ಲಿ ತುಳಸಿ ಪೂಜೆ. ಸರಟೋಗಾ, ಲಾಸ್ ಗ್ಯಾಟೋಸ್ ಕಡೆಯಿಂದಲೂ ಹೆಂಗಸರು ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದಿದ್ದರು. ಹಾಲಿನ ಮೂಲೆಯಲ್ಲಿ ಒಂದು ದೊಡ್ಡ ತಗಡಿನ ಪೆಟ್ಟಿಗೆ, ಅದರೊಳಗೆ ಸಾಲು ಟ್ಯೂಬ್ ಲೈಟು. ಇದೇನು ಎಂದು ಒಬ್ಬರು ಕೇಳಿದರು. ವೈನಿ ಕ್ಷಣ ತಡೆದು, "ತುಳಸಿಗರೀ. ಈ ಥಂಡ್ಯಾಗ ಒಣಗತದಲ್ಲ, ಅದಕ್ಕ," ಎಂದರು.

ಅಷ್ಟೇ ಸಾಕಾಯಿತು. ಪ್ರತಿ ಚಳಿಗಾಲಕ್ಕೆ ತುಳಸಿ ಕಳೆದುಕೊಂಡು ಪೇಚಾಡುತ್ತಿದ್ದವರೆಲ್ಲ ಕಣ್ಣರಳಿಸಿದರು. ಮರುವಾರವೇ ಕುಂಡಗಳು ಬರತೊಡಗಿದವು. ಯುಗಾದಿಯವರೆಗೆ ಇಟ್ಟುಕೊಳ್ಳಿ, ನಿಮ್ಮ ಕೈಗುಣ ಒಳ್ಳೆಯದು ಎಂದು ಅರಿಶಿನ ಕುಂಕುಮದ ಜೊತೆ ಕುಂಡ ಒಪ್ಪಿಸಿ, ಕಾಫಿ ಕುಡಿದು ಹೋಗುತ್ತಿದ್ದರು.

ನಾನು ಕುಂಡ ಒಯ್ದವಳಲ್ಲ. ನನ್ನ ತುಳಸಿ ಆಗಲೇ ಒಣಗಿ ಕಡ್ಡಿಯಾಗಿತ್ತು. ಪೂಜೆಯ ದಿನ ಪ್ರಸಾದ ಕೊಟ್ಟಿದ್ದ ಡಬ್ಬಿಯನ್ನು ಹಿಂದಿರುಗಿಸಲು ಒಂದು ಬೆಳಿಗ್ಗೆ ಮೇಲೆ ಹೋದೆ. ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದ್ದೆ; ಅದಕ್ಕಿಂತ ಹೆಚ್ಚಿನದು ನನ್ನಿಂದ ಆಗುತ್ತಿರಲಿಲ್ಲ. ಬಾಗಿಲು ಓರೆಯಾಗಿತ್ತು. ವೈನಿ ಕುಂಡಗಳ ನಡುವೆ ಚಾಪೆ ಹಾಕಿಕೊಂಡು, ಪೆಟ್ಟಿಗೆಯ ಬೆಳಕಿಗೆ ಮುಖ ಕೊಟ್ಟು ಕೂತಿದ್ದರು. ಮೊರದಲ್ಲಿ ಮೆಂತ್ಯದ ಸೊಪ್ಪು. ಕೈ ಆಡುತ್ತಿರಲಿಲ್ಲ.

"ನೀ ನೋಡಿಬಿಟ್ಟಿ," ಎಂದರು. ಆಮೇಲೆ ಮೆಲ್ಲಗೆ, "ಇದು ತುಳಸಿಗಲ್ಲವ್ವಾ, ನನಗ. ಥಂಡಿ ಬಂತಂದ್ರ ನನಗ ಏನೂ ಬ್ಯಾಡಾಗತದ. ಡಾಕ್ಟರು ಮುಂಜಾನೆದ್ದು ಬೆಳಕಿನ ಮುಂದ ಕೂಡು ಅಂದಾರ. ಹೊಸಾ ಔಷಧವಂತ. ನಮ್ಮ ಮನಿಯವರು ಡಾಕ್ಟರನ್ನ ಕೇಳಿಕೊಂಡ ಮಾಡ್ಯಾರ ಪೆಟಗಿ."

ನನಗೂ ಹಾಗೇ ಆಗುತ್ತೆ ಎಂದೆ. ಅವರು ಚಾಪೆಯ ಮೇಲೆ ಸರಿದು ಜಾಗ ಕೊಟ್ಟರು. "ನನ್ನಾಣಿ, ಯಾರಿಗೂ ಹೇಳಬ್ಯಾಡ. ತಲಿ ಕೆಟ್ಟದ ಅಂತಾರ."

ಆಮೇಲೆ ದಿನಾ ಬೆಳಿಗ್ಗೆ ಹೋಗುತ್ತಿದ್ದೆ. ಇಬ್ಬರೂ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆವು. ಮಾತು ಕಡಿಮೆ. ಕೆಲವು ವಾರಗಳಲ್ಲಿ ನನಗೆ ಕಾಫಿಯ ರುಚಿ ಗೊತ್ತಾಗತೊಡಗಿತು. ಸಂತೋಷ ಎನ್ನಲಾರೆ, ರುಚಿ ಗೊತ್ತಾಯಿತು, ಅಷ್ಟೇ. ವೈನಿಯೂ ಒಮ್ಮೆ ಏನಕ್ಕೋ ನಕ್ಕಿದ್ದರು... ಯಾವುದಕ್ಕೆಂದು ನೆನಪಿಲ್ಲ.

ಕುಂಡಗಳು ಮಾತ್ರ ಬರುತ್ತಲೇ ಇದ್ದವು. ಮೊದಲು ಪೆಟ್ಟಿಗೆಯ ಪಕ್ಕದಲ್ಲಿ, ಆಮೇಲೆ ಮುಂದೆ, ಕೊನೆಗೆ ಚಾಪೆ ಹಾಸುತ್ತಿದ್ದ ಜಾಗದಲ್ಲಿ. ಗಿಡಗಳು ಸೊಂಪಾಗಿ ಬೆಳೆದು ಬೆಳಕಿಗೆ ಅಡ್ಡ ನಿಂತವು. ವೈನಿ ಮೊರ ಎತ್ತಿಕೊಂಡು ಅಡುಗೆಮನೆಗೆ ಸರಿದರು. ನನ್ನನ್ನು ಮಾತ್ರ ಕುಂಡಗಳ ಸಂದಿಯಲ್ಲಿ ಕೂರಿಸುತ್ತಿದ್ದರು. "ನೀ ಸಣ್ಣಾಕಿದ್ದಿ, ಹಿಡಸ್ತಿ," ಎನ್ನುತ್ತಿದ್ದರು.

"ವಾಪಸ್ ತಗೊಂಡು ಹೋಗಿ ಅಂತ ಹೇಳ್ಬಿಡಿ ವೈನಿ, ನಿಮಗೇ ಜಾಗ ಇಲ್ವಲ್ಲ," ಎಂದೆ.

"ತುಳಸವ್ವಗ ಹೋಗು ಅಂತ ಹೆಂಗನ್ಲಿ? ಹಾದ್ಯಾಗ ಒಣಗಿದ್ರ? ಮತ್ತ, ಯಾಕ ಬ್ಯಾಡ ಅಂತ ಕೇಳಿದ್ರ ಏನ ಹೇಳಲಿ?"

ಕುಂಡಗಳನ್ನು ಎತ್ತಿ ಆಚೆ ಇಡುವುದಕ್ಕೆ ನನಗೆ ಶಕ್ತಿಯಿರಲಿಲ್ಲ. ವೈನಿಗಂತೂ ಇರಲೇ ಇಲ್ಲ. ಮಳೆ ಸುರಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಎದ್ದು ದೀಪ ಹಾಕಿ, ಗಿಡಗಳಿಗೆ ನೀರು ಹಾಕಿ, ಅವರು ಮತ್ತೆ ಹೋಗಿ ಮಲಗುತ್ತಿದ್ದರು. ಆಮೇಲಾಮೇಲೆ ಅವರ ಯಜಮಾನರೇ ದೀಪ ಹಾಕಿ, ನೀರೆರೆದು ಆಫೀಸಿಗೆ ಹೋಗುತ್ತಿದ್ದರು.

ಯುಗಾದಿಗೆ ಹೆಂಗಸರು ಕುಂಡ ಒಯ್ಯಲು ಬಂದರು. ಒಂದು ಗಿಡವೂ ಸತ್ತಿರಲಿಲ್ಲ. ತೆನೆ ಬಿಟ್ಟು ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಬಾಗಿಲಲ್ಲಿ ನಿಂತು ಕುಂಡಗಳನ್ನು ಎತ್ತಿಕೊಟ್ಟವರು ಯಜಮಾನರು. ಆಕೆಗೆ ಸ್ವಲ್ಪ ಜ್ವರ ಎಂದರು. ಎಂಥ ಕೈಗುಣ ಎಂದು ಹೊಗಳಿ ಎಲ್ಲರೂ ಹೋದರು. ಒಳಗೆ ವೈನಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಕೈಯಲ್ಲಿ ಬಳೆಗಳಿರಲಿಲ್ಲ, ತೋಳು ಅಷ್ಟು ಸೊರಗಿತ್ತು. ನಾನು ಕರೆದೆ. ತಿರುಗಲಿಲ್ಲ.

ಬೇಸಿಗೆ ಬಂದರೂ ಆ ನಗು ಬರಲಿಲ್ಲ. ಅವರನ್ನು ಧಾರವಾಡಕ್ಕೆ ಅಣ್ಣನ ಮನೆಗೆ ಕರೆದುಕೊಂಡು ಹೋದರು. ಹೋಗುವ ಮುನ್ನ ಯಜಮಾನರು ಪೆಟ್ಟಿಗೆಯನ್ನು ನಮ್ಮ ಬಾಗಿಲಿಗೆ ತಂದಿಟ್ಟರು. "ನಿಮಗ ಕೊಡು ಅಂದಾಳ," ಎಂದರು. ಇಲ್ಲಿ ಮುಂದಿನ ಮಳೆಗಾಲ ದಾಟುವ ಮೊದಲೇ ವೈನಿ ತೀರಿಕೊಂಡರೆಂದು ಸುದ್ದಿ ಬಂತು. ಹೇಗೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗಲೂ ಅಳು ಬರಲಿಲ್ಲ.

ಆ ತಗಡಿನ ಪೆಟ್ಟಿಗೆ ಎಂದೋ ಕೆಟ್ಟುಹೋಯಿತು. ಈಗ ನನ್ನ ಹತ್ತಿರ ಪುಸ್ತಕದಷ್ಟು ತೆಳುವಾದ ದೀಪವಿದೆ, ಸದ್ದಿಲ್ಲ, ವಾಸನೆಯಿಲ್ಲ. ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕೂರುತ್ತೇನೆ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಬೆಂಗಳೂರಿನ ಹುಡುಗಿ ಒಂದು ಪುಟ್ಟ ಕುಂಡ ಹಿಡಿದು ಬಂದಳು.

"ಆಂಟಿ, ಈ ಲೈಟು ಗಿಡಕ್ಕಾ? ನನ್ನ ತುಳಸೀನೂ ಇಲ್ಲೇ ಇಡ್ಲಾ?"

"ಇಲ್ಲಮ್ಮ, ಇದು ನನಗೆ. ಚಳಿಗಾಲದಲ್ಲಿ ನನಗೆ ಮನಸ್ಸು ಸರಿ ಇರಲ್ಲ."

"ಓ... ಓಕೆ ಆಂಟಿ," ಎಂದು ಅವಳು ಕುಂಡವನ್ನು ಕಿಟಕಿಯ ಬಳಿ ಇಟ್ಟು, ಕಾಫಿ ಇದೆಯಾ ಎಂದು ಕೇಳಿದಳು. ಅಷ್ಟೇ ಆಗಿದ್ದು. ನಿಜ ಹೇಳಿದರೆ ಇಷ್ಟೇ ಆಗುತ್ತದೆ ಎಂದು ವೈನಿಗೆ ಹೇಳಬೇಕಿತ್ತು... ವೈನಿ ಇಲ್ಲ. ನಾನೆದ್ದು ಕಾಫಿಗೆ ಹಾಲಿಟ್ಟೆ.