ಉಸಿರು ನಿಲ್ಲಿಸಿದ ಟ್ಯಾಂಕ್

ದೋಸ್ತರೇ, ಇವತ್ತು ಮಧ್ಯಾಹ್ನ ತಾಂಡೂರಿನ ಬ್ಯಾಳಿ ಮಿಲ್‌ನಾಗ ಫಿಟ್ಟರ್ ಕೆಲಸಕ್ಕ ಹೋದೆ. ಒಳಗ ಕಾಲಿಟ್ಟ ಕೂಡ್ಲೆ ಕಿವಿಗೊಟ್ಟು ಕೇಳಿದೆ. ಬ್ಯಾಳಿ ಆರಿಸೋ ಮಷೀನಿಗೆ ಗಾಳಿ ಕೊಡೋ ಟ್ಯಾಂಕ್ ಉಸಿರೇ ಬಿಡ್ತಿರಲಿಲ್ಲ.

ಗುಜರಿಯಿಂದ ತಂದ ಸಣ್ಣ ಟ್ಯಾಂಕ್ ಅದು. ಹಿಂದ ಬಂದಾಗೆಲ್ಲ ಗಂಟೆಗೊಮ್ಮೆ ಒಳಗ ಯಾರೋ ಕುಂತು ನಿಟ್ಟುಸಿರು ಬಿಟ್ಟಂಗ ಸಪ್ಪಳ ಮಾಡ್ತಿತ್ತು. ಆಳುಗಳು ಹತ್ತಿರ ಸುಳೀತಿರಲಿಲ್ಲ.

"ಯಾಕ ಕಾಕಾ, ಸುಮ್ಮ ಆಗ್ಯದ?" ಅಂದೆ.

ಮಾಲೀಕ ಶಿವಣ್ಣ ಕಾಕಾ ನಕ್ಕರು. "ನಿನ್ನಿ ಅಮಾಸಿ ಪೂಜಾ ಮಾಡಿ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟೀನಿ. ಮುಂಜಾನಿಂದ ಸಪ್ಪಳೇ ಇಲ್ಲ. ಒಳಗಿನ ದೆವ್ವ ಓಡಿ ಹೋತು ನೋಡು."

ತಲಿ ಎತ್ತಿ ನೋಡಿದೆ. ಗಾಳಿ ಹೆಚ್ಚಾದರ ತಾನೇ ಹೊರಗ ಬಿಡೋ ಸೇಫ್ಟಿ ವಾಲ್ವಿಗೇ ಆ ಲಿಂಬಿಹಣ್ಣಿನ ಕಬ್ಬಿಣದ ತಂತಿ ಬಿಗಿದು ಕಟ್ಟ್ಯಾರ! ಮೀಟರಿನ ಮುಳ್ಳು ಕೆಂಪು ಗೆರಿ ದಾಟಿ ನಡುಗ್ತಿತ್ತು.

ಮೇನ್ ಸ್ವಿಚ್ ಬಂದ್ ಮಾಡಿ, ಎಲ್ಲರನ್ನೂ ಹೊರಗ ಓಡಿಸಿ, ಟ್ಯಾಂಕಿನ ಕೆಳಗ ಗಾಳಿ ಖಾಲಿ ಮಾಡೋ ಕಾಕ್ ತಿರುವಿದೆ. ಮಿಲ್ ತುಂಬ ಉದ್ದಕ ಊಳಿಟ್ಟಂಗ ಆತು.

"ಅಯ್ಯೋ, ಮತ್ತ ಬಂತೇನೋ?" ಬಾಗಲದಿಂದ ಕಾಕಾ ಕೂಗಿದರು.

"ಬಂತ್ರಿ ಕಾಕಾ. ಇನ್ನ ಆ ದೆವ್ವನ್ನ ಓಡಿಸಬ್ಯಾಡ್ರಿ."

ತಂತಿ ಬಿಚ್ಚಿ ಮಿಲ್ ಚಾಲೂ ಮಾಡೇವಿ. ಈಗ ಆ ಟ್ಯಾಂಕ್ ಉಸಿರು ಬಿಡೋತನಕ ನಾ ಉಸಿರು ಹಿಡಕೊಂಡು ಕುಂತಿರ್ತೀನಿ.